ಪಿಎಚ್‌ಡಿಗೆ ಇರಿಡಿಯಂ ಹಿಡಿಯಲಾ, ಕಬ್ಬಿಣ ಹಿಡಿಯಲಾ? ಬೆಳಕಿನ ಕೆಮಿಸ್ಟ್ರಿ ಮಾಡಿದವರು ದಯವಿಟ್ಟು ಹೇಳಿ

ಹುಳುಮನೆ ಹುಡುಗಿ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನವಳು. ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿ ಒಂದು ವರ್ಷ ಆಯಿತು. ಸಂಶೋಧನೆಗೆ ಫೆಲೋಶಿಪ್ ಕೊಡುವ ಪರೀಕ್ಷೆ ಎರಡನೇ ಸಲ ಬರೆದಾಗ ಜೆಆರ್‌ಎಫ್ ಆಯಿತು. ಎರಡು ಲ್ಯಾಬಿನಲ್ಲಿ ಇಂಟರ್‌ವ್ಯೂ ಕೊಟ್ಟೆ, ಎರಡರಲ್ಲೂ ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ. ಮುಂದಿನ ವಾರದೊಳಗೆ ಒಂದಕ್ಕೆ ಹೂಂ ಅನ್ನಬೇಕು.

ಎರಡರದ್ದೂ ಹತ್ತಿರ ಹತ್ತಿರ ಒಂದೇ ವಿಷಯ. ಬೆಳಕು ಹೀರಿಕೊಂಡು ಕೆಲಸ ಮಾಡುವ ಲೋಹದ ಕಾಂಪ್ಲೆಕ್ಸ್‌ಗಳು. ಕಾಂಪ್ಲೆಕ್ಸ್ ಅಂದರೆ ನಡುವೆ ಲೋಹ, ಸುತ್ತ ಅದಕ್ಕೆ ಕಟ್ಟಿದ ಅಣುಗಳು. ಬಿಸಿ ಮಾಡಿ, ಒತ್ತಡ ಹಾಕಿ ಮಾಡಬೇಕಾದ ರಿಯಾಕ್ಷನ್ನನ್ನು ಬೆಳಕಿನಲ್ಲೇ ಮಾಡಿಸುವುದು. ಒಂದು ಲ್ಯಾಬಿನಲ್ಲಿ ಇರಿಡಿಯಂ. ಹಳೇ ಲ್ಯಾಬು, ಪೇಪರ್‌ಗಳು ಸಲೀಸಾಗಿ ಬರುತ್ತಿವೆ, ಸೀನಿಯರ್‌ಗಳು ಐದು ವರ್ಷಕ್ಕೆ ಮುಗಿಸಿ ಹೊರಗೆ ಹೋಗುತ್ತಿದ್ದಾರೆ. ಇನ್ನೊಂದರಲ್ಲಿ ಕಬ್ಬಿಣ, ಜೊತೆಗೆ ಸ್ವಲ್ಪ ತಾಮ್ರ. ಗೈಡ್ ಮೇಡಂ ಹೊಸಬರು. ಅವರ ಹತ್ತಿರ ಇನ್ನೂ ಯಾರೂ ಪಿಎಚ್‌ಡಿ ಮುಗಿಸಿಲ್ಲ. "ಮೊದಲ ಎರಡು ವರ್ಷ ತೋರಿಸೋಕೆ ಏನೂ ಸಿಗದೇ ಇರಬಹುದು, ತಿಳಿದುಕೊಂಡು ಬಾ" ಅಂತ ಅವರೇ ಹೇಳಿದರು.

ನನ್ನ ಮನಸ್ಸು ಕಬ್ಬಿಣದ ಕಡೆ ಎಳೆಯುತ್ತಿದೆ. ಯಾಕೆ ಅಂತ ಹೇಳುತ್ತೇನೆ. ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಪೊಟ್ಯಾಸಿಯಂ ಫೆರಿಆಕ್ಸಲೇಟ್ ಮಾಡಿದ್ದೆ. ಬೀಕರಿಗೆ ಕರಿ ಕಾಗದ ಸುತ್ತಿ ರಾತ್ರಿಯೆಲ್ಲ ಬಿಟ್ಟಿದ್ದೆ. ಬೆಳಿಗ್ಗೆ ಬಿಚ್ಚಿದರೆ ತಳದಲ್ಲಿ ಗಿಳಿ ಹಸಿರು ಹರಳು, ಕಲ್ಲುಸಕ್ಕರೆ ಕೂತ ಹಾಗೆ. ಒಂದು ಚಿಟಿಕೆ ಮನೆಗೆ ತಂದೆ. ಹುಳುಗಳ ಹತ್ತಿರ ಯಾವ ಕೆಮಿಕಲ್ಲೂ ಸುಳಿಯಬಾರದು ಅಂತ ಅಮ್ಮನ ಕಟ್ಟಪ್ಪಣೆ, ಅದಕ್ಕೆ ಮಹಡಿ ಮೇಲೆ ಗಾಜಿನ ಚೂರಿನಲ್ಲಿ ಇಟ್ಟೆ. ಮಧ್ಯಾಹ್ನಕ್ಕೆ ಹೋಗಿ ನೋಡಿದರೆ ಬಿಸಿಲು ಬಿದ್ದ ಮುಖವೆಲ್ಲ ಹಳದಿ ಪುಡಿ. ಉಗುರಿನಿಂದ ತಿರುಗಿಸಿದರೆ ಅಡಿಭಾಗ ಇನ್ನೂ ಹಸಿರು. ಅಮ್ಮ ಬಗ್ಗಿ ನೋಡಿ "ಸೀರೆ ಮಾಸಿದ ಹಾಗೆ ಮಾಸಿದೆ" ಅಂದರು. ಮಾಸಿದ್ದಲ್ಲ ಅಮ್ಮ, ಬೆಳಕು ಬಿದ್ದು ಕಬ್ಬಿಣಕ್ಕೆ ಒಂದು ಎಲೆಕ್ಟ್ರಾನ್ ಬಂತು, ಆಕ್ಸಲೇಟ್ ಒಡೆದು ಕಾರ್ಬನ್ ಡೈಆಕ್ಸೈಡ್ ಹೋಯಿತು ಅಂತ ಹೇಳಿದೆ. ಹೇಳುವಾಗ ನನಗೇ ಮೈ ಜುಮ್ಮೆಂದಿತು.

ಆದರೆ ಭಯ ಇದೆ. ತಮ್ಮ ಇನ್ನೂ ಪಿಯುಸಿ. ಐದು ವರ್ಷ ಹಾಕಿ ಕೈಯಲ್ಲಿ ಏನೂ ಇಲ್ಲದೆ ವಾಪಸ್ ಬರುವ ಹಾಗಿಲ್ಲ. ಕಬ್ಬಿಣದಲ್ಲಿ ನಿಜವಾಗಿ ಆಗುತ್ತದಾ, ಅಥವಾ ಅಗ್ಗದ ಲೋಹ ಅನ್ನುವ ಒಂದೇ ಕಾರಣಕ್ಕೆ ಎಲ್ಲರೂ ಹಿಂದೆ ಬಿದ್ದಿದ್ದಾರಾ? ಇನ್ನೊಂದು. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. "ನಿನ್ನ ಬೆಳಕಿನಿಂದ ಈ ನೀರು ಸರಿ ಹೋಗುತ್ತಾ?" ಅಂತ ಅಮ್ಮ ಕೇಳಿದರು. ನನಗೆ ಉತ್ತರ ಹೇಳಲು ಆಗಲಿಲ್ಲ.

ಬಂಗಾರಪೇಟೆ ಪ್ಯಾಸೆಂಜರ್

ಮೊದಲು ಅಭಿನಂದನೆ. ಜೆಆರ್‌ಎಫ್ ತೆಗೆಯುವುದು ಸಣ್ಣ ಮಾತಲ್ಲ.

ನನ್ನ ಅಭಿಪ್ರಾಯ ಬೇರೆ. ಲೋಹ ನೋಡಬೇಡಿ, ಗೈಡ್ ನೋಡಿ, ಲ್ಯಾಬಿನಲ್ಲಿ ಏನೇನು ಯಂತ್ರ ಇದೆ ನೋಡಿ. ಫೆಲೋಶಿಪ್ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಒಟ್ಟು ಐದು ವರ್ಷ. ಆರನೇ ವರ್ಷ ಬಂದರೆ ಮನೆಯಿಂದ ದುಡ್ಡು ತರಿಸಬೇಕು. ಅದನ್ನು ನಾನು ಅನುಭವಿಸಿದ್ದೇನೆ. ಇರಿಡಿಯಂ ಕಲಿತರೆ ಕೈ ಖಾಲಿ ಇರುವುದಿಲ್ಲ. ಫೋನಿನ ಓಎಲ್‌ಇಡಿ ಪರದೆಯಲ್ಲಿ ಕೆಂಪು, ಹಸಿರು ಬೆಳಕು ಕೊಡುವುದು ಇರಿಡಿಯಂ ಕಾಂಪ್ಲೆಕ್ಸ್‌ಗಳೇ. ಔಷಧಿ ಕಂಪನಿಗಳೂ ಈ ಥರ ಬೆಳಕಿನ ರಿಯಾಕ್ಷನ್ ಬಳಸುತ್ತಿವೆ. ಮೊದಲು ಮುಗಿಸಿ, ಕಬ್ಬಿಣ ಆಮೇಲೆ ಮಾಡಬಹುದು.

ತುಮಕೂರು ತಾಮ್ರ

ತಂಗಿ, ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಾನು ಗುಬ್ಬಿ ಕಡೆಯವಳು. ಪಿಎಚ್‌ಡಿ ಮಾಡಿದ್ದು ಬೆಂಗಳೂರಿನಲ್ಲಿ, ತಾಮ್ರದ ಕಾಂಪ್ಲೆಕ್ಸ್‌ಗಳ ಮೇಲೆ. ಮೊದಲ ಎರಡು ವರ್ಷ ದಿನಾ ತುಮಕೂರಿನಿಂದ ರೈಲಿನಲ್ಲಿ ಓಡಾಡಿದೆ. ಈಗ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಿನ್ನ ಹಸಿರು ಹರಳಿನ ಮಾತು ಓದಿ ಸುಮ್ನೆ ಕೂರಲು ಆಗಲಿಲ್ಲ. ಉದ್ದ ಬರೆಯುತ್ತೇನೆ.

ಕಬ್ಬಿಣದಲ್ಲಿ ಆಗುತ್ತದಾ ಅಂತ ಕೇಳಿದೆ. ತೊಂದರೆ ಎಲ್ಲಿದೆ ಅಂತ ಮೊದಲು ಸರಿಯಾಗಿ ತಿಳಿದುಕೋ. ರುಥೇನಿಯಂ ಲೋಹಕ್ಕೆ ಬೈಪಿರಿಡೀನ್ ಅನ್ನುವ ಅಣು ಕಟ್ಟಿದ ಕಾಂಪ್ಲೆಕ್ಸ್ ಇದೆಯಲ್ಲ, ಆ ಕಿತ್ತಳೆ ಬಣ್ಣದ್ದು, 450 ನ್ಯಾನೋಮೀಟರ್ ಹತ್ತಿರದ ನೀಲಿ ಬೆಳಕು ಹೀರುತ್ತದೆ. ಹೀರಿದ ಶಕ್ತಿಯನ್ನು ನೂರಾರು ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಸೆಕೆಂಡ್) ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತಿನಲ್ಲಿ ದ್ರಾವಣದಲ್ಲಿ ಓಡಾಡಿ ಇನ್ನೊಂದು ಅಣುವನ್ನು ಮುಟ್ಟಿ ಎಲೆಕ್ಟ್ರಾನ್ ಕೊಟ್ಟು ಬರಬಹುದು. ಅದೇ ಬೈಪಿರಿಡೀನನ್ನು ಕಬ್ಬಿಣಕ್ಕೆ ಕಟ್ಟು. ಕಡು ಕೆಂಪು ಬರುತ್ತದೆ, ಬೆಳಕನ್ನೂ ಚೆನ್ನಾಗಿಯೇ ಹೀರುತ್ತದೆ. ಆದರೆ ಸುಮಾರು 100 ಫೆಮ್ಟೋಸೆಕೆಂಡಿಗೆ (ನ್ಯಾನೋಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಫೆಮ್ಟೋಸೆಕೆಂಡ್) ಆ ಉಪಯೋಗದ ಸ್ಥಿತಿ ಜಾರಿಹೋಗುತ್ತದೆ. ಕಬ್ಬಿಣದ್ದೇ ಕೆಳಗಿನ ಮಟ್ಟದ ಡಿ-ಡಿ ಸ್ಥಿತಿಗಳು (ಎಲೆಕ್ಟ್ರಾನ್ ಕಬ್ಬಿಣದ ಡಿ ಕಕ್ಷೆಗಳಲ್ಲೇ ಉಳಿಯುವ ಸ್ಥಿತಿಗಳು) ಬಾಯಿ ತೆರೆದುಕೊಂಡು ಕೂತಿರುತ್ತವೆ, ಶಕ್ತಿಯೆಲ್ಲ ಅಲ್ಲಿಗೆ ಸೋರುತ್ತದೆ. ಬಾವಿಯಿಂದ ತೂತು ಬಿಂದಿಗೆಯಲ್ಲಿ ನೀರು ತಂದ ಹಾಗೆ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಖಾಲಿ. 100 ಫೆಮ್ಟೋಸೆಕೆಂಡ್ ಎಷ್ಟು ಅಂತ ಅಂದಾಜು ಬೇಕಾ? ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್, ಅಂದರೆ ಒಂದು ಸ್ಕೇಲಿನಷ್ಟು ಹೋಗುತ್ತದೆ. 100 ಫೆಮ್ಟೋಸೆಕೆಂಡಿನಲ್ಲಿ ಒಂದು ಕೂದಲಿನ ದಪ್ಪವನ್ನೂ ದಾಟುವುದಿಲ್ಲ. ಅಷ್ಟರಲ್ಲಿ ಯಾವ ಅಣುವನ್ನು ಮುಟ್ಟುವುದು?

ಹಾಗಾದರೆ ಬಿಟ್ಟುಬಿಡಬೇಕಾ? ಬೇಡ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಬೈಪಿರಿಡೀನ್ ಬಿಟ್ಟು, ಇಂಗಾಲದ ಮೂಲಕ ಲೋಹಕ್ಕೆ ಅಂಟುವ ಕಾರ್ಬೀನ್ ಅನ್ನುವ ಲಿಗ್ಯಾಂಡ್‌ಗಳನ್ನು ಕಬ್ಬಿಣಕ್ಕೆ ಕಟ್ಟಿದರು. ಲಿಗ್ಯಾಂಡ್ ಅಂದರೆ ಲೋಹಕ್ಕೆ ಕಟ್ಟುವ ಅಣು. ಕಾರ್ಬೀನ್ ಕಬ್ಬಿಣಕ್ಕೆ ಬಲವಾಗಿ ಎಲೆಕ್ಟ್ರಾನ್ ಕೊಡುತ್ತದೆ. ಆಗ ಆ ಸೋರುವ ಮಟ್ಟಗಳು ಮೇಲಕ್ಕೆ ಹೋಗುತ್ತವೆ. 2017ರಲ್ಲಿ ಆ ಸ್ಥಿತಿ 100 ಪಿಕೋಸೆಕೆಂಡ್ (ಸಾವಿರ ಪಿಕೋಸೆಕೆಂಡಿಗೆ ಒಂದು ನ್ಯಾನೋಸೆಕೆಂಡ್) ಉಳಿಯಿತು. ಆಮೇಲೆ ಇನ್ನೊಂದು ಕಾಂಪ್ಲೆಕ್ಸಿನಲ್ಲಿ 2 ನ್ಯಾನೋಸೆಕೆಂಡ್. ಕಬ್ಬಿಣ ದ್ರಾವಣದಲ್ಲಿ ಮಾಮೂಲಿ ತಾಪಮಾನದಲ್ಲಿ ಬೆಳಕು ಬಿಟ್ಟಿತು! ರುಥೇನಿಯಂ ಮುಂದೆ 2 ನ್ಯಾನೋಸೆಕೆಂಡ್ ಕಡಿಮೆಯೇ. ಆದರೆ ಪಕ್ಕದಲ್ಲೇ ಇರುವ ಅಣುವಿಗೆ ಎಲೆಕ್ಟ್ರಾನ್ ಕೊಡಲು ಸಾಕು. ಇಲ್ಲಿಂದ ಮುಂದೆ ಮಾಡಬೇಕಾದ್ದು ಬೇಕಾದಷ್ಟಿದೆ.

ತಾಮ್ರದ ಕಥೆ ಬೇರೆ. ಒಂದು ಚಾರ್ಜ್ ಇರುವ ತಾಮ್ರದಲ್ಲಿ ಡಿ ಕಕ್ಷೆಗಳು ತುಂಬಿರುತ್ತವೆ, ಹಾಗಾಗಿ ಕಬ್ಬಿಣದ ಆ ಸೋರುವ ದಾರಿ ಇಲ್ಲ. ಆದರೆ ಬೆಳಕು ಬಿದ್ದ ತಕ್ಷಣ ಅಣು ಚಪ್ಪಟೆಯಾಗಲು ನೋಡುತ್ತದೆ. ಚಪ್ಪಟೆಯಾದರೆ ದ್ರಾವಕದ ಅಣು ಬಂದು ತಾಮ್ರಕ್ಕೆ ಅಂಟಿಕೊಳ್ಳುತ್ತದೆ, ಬೆಳಕು ಆರುತ್ತದೆ. ಅದಕ್ಕೆ ತಾಮ್ರಕ್ಕೆ ಕಟ್ಟುವ ಫೆನಾಂತ್ರೋಲೀನ್ ಲಿಗ್ಯಾಂಡಿನ 2 ಮತ್ತು 9ನೇ ಜಾಗದಲ್ಲಿ ದಪ್ಪ ಗುಂಪುಗಳನ್ನು ಕೂರಿಸುತ್ತೇವೆ, ಬಗ್ಗದ ಹಾಗೆ ಊರುಗೋಲು ಕೊಟ್ಟಂತೆ. ನನ್ನ ಮೊದಲ ಫಾಸ್ಫೀನ್ (ರಂಜಕ ಇರುವ ಲಿಗ್ಯಾಂಡ್) ಕಾಂಪ್ಲೆಕ್ಸ್ ನಿಂಬೆ ಹಳದಿ ಪುಡಿ. ರಾತ್ರಿ ಎಂಟು ಗಂಟೆಗೆ ಲೈಟ್ ಆರಿಸಿ ಯುವಿ ಟಾರ್ಚ್ ಹಿಡಿದೆ. ಸೀಸೆ ತುಂಬಾ ಹಳದಿ ಹಸಿರು ಬೆಳಕು. ಪಕ್ಕದ ಬೆಂಚಿನವರನ್ನೆಲ್ಲ ಕರೆದು ತೋರಿಸಿದೆ. ಮಾರನೇ ದಿನ ಅಸಿಟೋನೈಟ್ರೈಲ್ ಹಾಕಿ ಕರಗಿಸಿದೆ, ಎಲ್ಲಾ ಆರಿಹೋಯಿತು. ಪುಡಿಯಲ್ಲಿ ಹೊಳೆಯುವುದು ದ್ರಾವಣದಲ್ಲೂ ಹೊಳೆಯಬೇಕು ಅಂತ ಏನಿಲ್ಲ. ಅದು ಯಾಕೆ ಆರಿತು ಅಂತ ಹುಡುಕಿದ್ದೇ ನನ್ನ ಥೀಸಿಸ್ಸಿನ ಎರಡನೇ ಅಧ್ಯಾಯ.

ಇನ್ನೊಂದು ವಿಷಯ ಹೇಳಲೇಬೇಕು. ಇದರಿಂದ ನನ್ನ ಎಂಟು ತಿಂಗಳು ಹೋಯಿತು. ಎಸ್‌ಪಿ ರೋಡಿನಿಂದ ನೀಲಿ ಎಲ್‌ಇಡಿ ಸ್ಟ್ರಿಪ್ ತಂದು, ಒಂದು ಸ್ಟೀಲ್ ಡಬ್ಬದ ಒಳಗೆ ಸುತ್ತಿ ಅಂಟಿಸಿ, ನಡುವೆ ವಯಲ್, ಅಂದರೆ ರಿಯಾಕ್ಷನ್ನಿನ ಸಣ್ಣ ಗಾಜಿನ ಸೀಸೆ ನಿಲ್ಲಿಸುತ್ತಿದ್ದೆ. ರಿಯಾಕ್ಷನ್ ಚೆನ್ನಾಗಿ ಬರುತ್ತಿತ್ತು. ಕತ್ತಲಲ್ಲಿ ಮಾಡಿದರೆ ಬರುತ್ತಿರಲಿಲ್ಲ. ಬೆಳಕಿನಿಂದಲೇ ಆಗುತ್ತಿದೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ಒಂದು ದಿನ ಸೀನಿಯರ್ ಅಕ್ಕ ಡಬ್ಬ ಮುಟ್ಟಿ ನೋಡಿ "ಒಳಗೆ ಥರ್ಮಾಮೀಟರ್ ಇಟ್ಟಿದ್ದೀಯಾ?" ಅಂದರು. ಇಟ್ಟು ನೋಡಿದೆ. 54 ಡಿಗ್ರಿ. ಕತ್ತಲ ಪ್ರಯೋಗ ಮಾತ್ರ ಬೀರುವಿನೊಳಗೆ, 25 ಡಿಗ್ರಿಯಲ್ಲಿ ನಡೆಯುತ್ತಿತ್ತು. ಆಮೇಲೆ ಇನ್ನೊಂದು ವಯಲಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಅದೇ ಡಬ್ಬದಲ್ಲಿ, ಅದೇ ಬಿಸಿಯಲ್ಲಿ ಇಟ್ಟೆ. ಅದರಲ್ಲೂ ಅಷ್ಟೇ ಉತ್ಪನ್ನ ಬಂತು. ಬೆಳಕಿನ ಪಾಲು ಅದರಲ್ಲಿ ಏನೂ ಇರಲಿಲ್ಲ.

ಅವತ್ತು ರೈಲಿನಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ. ಕ್ಯಾತ್ಸಂದ್ರ ಬಂದಿದ್ದೂ ಗೊತ್ತಾಗಲಿಲ್ಲ. ಆದರೆ ಅದಾದ ಮೇಲೆ ನಾನು ಒಂದು ರಿಯಾಕ್ಷನ್ನಿಗೆ ನಾಲ್ಕು ವಯಲ್ ಇಡುವುದು ಕಲಿತೆ. ಒಂದು ಸರಿಯಾದ್ದು. ಒಂದು ಕಾಂಪ್ಲೆಕ್ಸ್ ಇಲ್ಲದ್ದು. ಒಂದು ಫಾಯಿಲ್ ಸುತ್ತಿದ್ದು. ಒಂದು ಗಾಳಿ ತೆಗೆಯದೆ ಬಿಟ್ಟಿದ್ದು. ಕಾಂಪ್ಲೆಕ್ಸ್ ಇಲ್ಲದ್ದು ಯಾಕೆ ಅಂದರೆ, ಕೆಲವು ಅಮೈನ್ ಮತ್ತು ಹ್ಯಾಲೈಡ್ ಜೋಡಿಗಳು ತಾವೇ ಒಂದಕ್ಕೊಂದು ಅಂಟಿಕೊಂಡು ಬೆಳಕು ಹೀರಿ ರಿಯಾಕ್ಷನ್ ಮಾಡಿಬಿಡುತ್ತವೆ, ನಿನ್ನ ಲೋಹಕ್ಕೆ ಸುಳ್ಳು ಹೆಸರು ಬರುತ್ತದೆ. ನೀನು ಯಾವ ಲ್ಯಾಬಿಗೆ ಹೋದರೂ ಈ ನಾಲ್ಕು ಬಿಡಬೇಡ. ಒಂದು ಸಣ್ಣ ಫ್ಯಾನೂ ಬೇಕು.

ಈಗ ಕಬ್ಬಿಣ ಅಂದ ಮಾತ್ರಕ್ಕೆ ಪರಿಸರಕ್ಕೆ ಒಳ್ಳೆಯದಾ ಅನ್ನುವ ಮಾತು. ಇದನ್ನು ನಾನು ತುಂಬಾ ಕಡೆ ಓದುತ್ತೇನೆ, ಒಪ್ಪುವುದಿಲ್ಲ. ಲೋಹ ಅಗ್ಗ ಇರಬಹುದು. ಅದಕ್ಕೆ ಕಟ್ಟುವ ಲಿಗ್ಯಾಂಡ್ ಮಾಡಲು ಆರು ಹಂತ, ಪ್ರತಿ ಹಂತಕ್ಕೂ ಒಂದು ಕಾಲಮ್ (ಶುದ್ಧ ಮಾಡುವ ಗಾಜಿನ ಕೊಳವೆ), ಪ್ರತಿ ಕಾಲಮಿಗೂ ಲೀಟರ್‌ಗಟ್ಟಲೆ ಡೈಕ್ಲೋರೋಮೀಥೇನ್ ಸುರಿದರೆ ಉಳಿತಾಯ ಎಲ್ಲಿ ಆಯಿತು? ಇರಿಡಿಯಂ ಹಾಕುವುದು ಸಾಮಾನ್ಯವಾಗಿ ನೂರಕ್ಕೆ ಒಂದು ಮೋಲ್, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಕಬ್ಬಿಣ ಬೇಗ ಒಡೆದುಹೋಗಿ ನೂರಕ್ಕೆ ಐದು ಮೋಲ್ ಬೇಕಾದರೆ ಅದನ್ನೂ ಲೆಕ್ಕಕ್ಕೆ ತಗೋ. ಬಾಟಲಿಯಲ್ಲಿ ಹೋದ ದ್ರಾವಕ, ಎಲ್‌ಇಡಿ ಉರಿದ ಗಂಟೆ, ಎಲ್ಲಾ ಬರೆದಿಡು. ಮೊದಲ ದಿನದಿಂದ ನೋಟ್‌ಬುಕ್ಕಿನಲ್ಲಿ ಇದಕ್ಕೆ ಒಂದು ಕಾಲಂ ಹಾಕಿಕೋ. ನಾನು ಹಾಕಲಿಲ್ಲ. ಈಗ ಬೇಕು ಅಂದರೆ ಸಿಗುವುದಿಲ್ಲ.

ಹೊಸ ಗೈಡ್ ಮೇಡಂ ಹತ್ತಿರ ಒಂದು ಮಾತು ಕೇಳು. ಆಯುಷ್ಯ, ಅಂದರೆ ಲೈಫ್‌ಟೈಮ್ ಅಳೆಯುವುದು ಎಲ್ಲಿ? ತಾಮ್ರಕ್ಕೆ ನ್ಯಾನೋಸೆಕೆಂಡ್ ಅಳೆಯುವ ಯಂತ್ರ ಸಾಕು. ಕಬ್ಬಿಣಕ್ಕೆ ಫೆಮ್ಟೋಸೆಕೆಂಡ್ ಲೇಸರ್ ಬೇಕು, ಅದು ಕೆಲವೇ ಕಡೆ ಇರುತ್ತದೆ. ಬೇರೆ ಸಂಸ್ಥೆಗಳ ಯಂತ್ರಗಳಿಗೆ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಸ್ಲಾಟ್ ಹಾಕಬಹುದು. "ಮುಂದೆ ನೋಡೋಣ" ಅಂದರೆ ಯೋಚನೆ ಮಾಡು. "ಇಂಥವರ ಜೊತೆ ಮಾತಾಡಿದ್ದೇನೆ, ಇಷ್ಟು ದಿನಕ್ಕೊಮ್ಮೆ ಸ್ಯಾಂಪಲ್ ತೆಗೆದುಕೊಂಡು ಹೋಗುತ್ತೇವೆ" ಅಂದರೆ ಧೈರ್ಯವಾಗಿ ಸೇರು. ಅಳೆದ ಸೋಲು ಥೀಸಿಸ್ಸಿಗೆ ಬರುತ್ತದೆ. ಅಳೆಯದ ಸೋಲು ಡ್ರಾಯರಿನಲ್ಲೇ ಉಳಿಯುತ್ತದೆ. ಎರಡು ವರ್ಷ ಏನೂ ಸಿಗದೇ ಇರಬಹುದು ಅಂತ ಮೊದಲೇ ಹೇಳಿದ ಗೈಡ್ ನನಗಂತೂ ಇಷ್ಟವಾದರು.

ಚಾಂಪಿಯನ್ ರೀಫ್ ಮನೆ, ಕೆಜಿಎಫ್

ಕೆಮಿಸ್ಟ್ರಿ ನನಗೆ ಗೊತ್ತಿಲ್ಲಮ್ಮ. ನಮ್ಮ ಅಪ್ಪ ಚಿನ್ನದ ಗಣಿಯಲ್ಲಿ ಕೆಳಗೆ ಇಳಿದು ದುಡಿದವರು. ಲೋಹದ ವಿಷಯ ಬಂತು, ಅದಕ್ಕೆ ಎರಡು ಮಾತು.

ಚಾಂಪಿಯನ್ ರೀಫ್ 3 ಕಿಲೋಮೀಟರಿಗಿಂತ ಆಳ. ಅಪ್ಪ ಮೇಲೆ ಬಂದಾಗ ಬನಿಯನ್ ಹಿಂಡಿದರೆ ಬೆವರು ಸುರಿಯುತ್ತಿತ್ತು. 2001ರಲ್ಲಿ ಗಣಿ ಮುಚ್ಚಿದರು. ಚಿನ್ನ ಹೋಯಿತು, ಸೈನೈಡ್ ದಿಬ್ಬಗಳು ಉಳಿದವು. ಬಂಡೆ ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ತೆಗೆದು, ಮಿಕ್ಕಿದ್ದನ್ನು ಗುಡ್ಡ ಹಾಕಿದ್ದು. ಗಾಳಿ ಎದ್ದರೆ ಇವತ್ತಿಗೂ ಆ ಬಿಳಿ ಧೂಳು ಅಂಗಳಕ್ಕೆ ಬರುತ್ತದೆ. ಒಣಗಲು ಹಾಕಿದ ಬಟ್ಟೆ ಇನ್ನೊಮ್ಮೆ ಜಾಲಿಸಬೇಕು.

ಮಗ ಓದಿ ಹೇಳಿದ. ಇರಿಡಿಯಂ, ರುಥೇನಿಯಂ ಬೇರೆಯಾಗಿ ಗಣಿಯಲ್ಲಿ ಸಿಗುವುದಿಲ್ಲವಂತೆ, ಪ್ಲಾಟಿನಂ ಜೊತೆ ಬರುತ್ತವಂತೆ, ಅದೂ ಹೆಚ್ಚಾಗಿ ದಕ್ಷಿಣ ಆಫ್ರಿಕಾದಿಂದ. ಭೂಮಿಯ ಮೇಲ್ಪದರದ ಸರಾಸರಿ ತೆಗೆದರೆ ಸಾವಿರ ಟನ್ ಬಂಡೆಯಲ್ಲಿ ಒಂದು ಗ್ರಾಂ ಇರಿಡಿಯಂ ಕೂಡ ಇರುವುದು ಕಷ್ಟವಂತೆ. ಕಬ್ಬಿಣ ನೂರಕ್ಕೆ ಐದು ಪಾಲು ಇದೆ. ಅಲ್ಲೂ ಯಾರೋ ಅಪ್ಪಂದಿರು ಕೆಳಗೆ ಇಳಿಯುತ್ತಾರೆ ಅಲ್ವಾ? ನೀನು ಕಬ್ಬಿಣದಲ್ಲಿ ಅದೇ ಕೆಲಸ ಮಾಡಿಸಿದರೆ ನಮ್ಮಂಥವರಿಗೆ ಸಂತೋಷ.

ಬಂಗಾರಪೇಟೆ ಪ್ಯಾಸೆಂಜರ್

ತುಮಕೂರು ಮೇಡಂ, ಯಂತ್ರದ ಮಾತು ನಾನು ಹೇಳಿದ್ದೂ ಅದೇ. ಲೈಫ್‌ಟೈಮ್ ಅಳೆಯಲು ದಾರಿ ಇದೆ ಅಂದರೆ ನನ್ನ ತಕರಾರು ಇಲ್ಲ. ಆದರೆ ಹುಡುಗಿ ಒಂದು ಲಿಖಿತ ಯೋಜನೆ ಕೇಳಲಿ. ಎರಡನೇ ವರ್ಷದ ಕೊನೆಗೆ ಕಬ್ಬಿಣ ಕೈ ಕೊಟ್ಟರೆ ತಾಮ್ರಕ್ಕೆ ಬರಬಹುದು ಅನ್ನುವ ಮಾತು ಮೊದಲೇ ಆಗಿರಲಿ.

ತುಮಕೂರು ತಾಮ್ರ

ಪ್ಯಾಸೆಂಜರ್ ಸರ್ ಹೇಳಿದ್ದು ಸರಿ, ಅದನ್ನು ಖಂಡಿತ ಕೇಳು.

ತಂಗಿ, ಅಮ್ಮನ ಪ್ರಶ್ನೆಗೆ ಉತ್ತರ ಹೇಳುವುದು ಮರೆತಿದ್ದೆ. ಆಗುವುದಿಲ್ಲ. ಇದನ್ನು ನೇರವಾಗಿಯೇ ಅಮ್ಮನಿಗೆ ಹೇಳು. ಬೆಳಕಿನ ಕ್ಯಾಟಲಿಸ್ಟ್ ಒಡೆಯುವುದು ಅಣುಗಳನ್ನು. ಬಣ್ಣ ಹಾಕುವ ಕಾರ್ಖಾನೆ ನೀರಿನ ಡೈ, ಕೆಲವು ಕೀಟನಾಶಕ, ಇಂಥವನ್ನು ಒಡೆದು ಹಾಕಬಹುದು. ಅದಕ್ಕೂ ಜಾಸ್ತಿ ಬಳಸುವುದು ಟೈಟಾನಿಯಂ ಡೈಆಕ್ಸೈಡ್ ಪುಡಿ, ನಮ್ಮ ಕಾಂಪ್ಲೆಕ್ಸ್‌ಗಳಲ್ಲ. ಫ್ಲೋರೈಡ್ ಒಡೆಯುವ ವಸ್ತುವೇ ಅಲ್ಲ. ಅದೊಂದು ಮೂಲವಸ್ತುವಿನ ಅಯಾನು. ಅದನ್ನು ಹಿಡಿದು ಹೊರಗೆ ತೆಗೆಯಬೇಕು. ಆಕ್ಟಿವೇಟೆಡ್ ಅಲ್ಯೂಮಿನಾ ಹಿಡಿಯುತ್ತದೆ, ಆರ್‌ಒ ತೆಗೆಯುತ್ತದೆ, ಸುಣ್ಣ ಮತ್ತು ಆಲಂ ಹಾಕಿ ತಳಕ್ಕೆ ಕೂರಿಸುವ ನಲಗೊಂಡ ವಿಧಾನವೂ ಇದೆ. ಕಾಯಿಸಿದರೆ ಹೋಗುತ್ತದೆ ಅಂತ ನಮ್ಮ ಪಾವಗಡದ ಕಡೆ ಕೆಲವರು ತಿಳಿದಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಬಾರದು. ನೀನು ಎಂಎಸ್ಸಿ ಮಾಡಿದವಳು, ಮನೆ ಬೋರಿನ ನೀರು ಒಂದು ಬಾಟಲಿ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸು. ಇದು ಪಿಎಚ್‌ಡಿಗಿಂತ ಮೊದಲು ಆಗಬೇಕಾದ ಕೆಲಸ.

ಮನೆಯಲ್ಲಿ ಏನು ಓದುತ್ತೀಯಾ ಅಂತ ಕೇಳಿದರೆ ಹಿಪ್ಪುನೇರಳೆ ಸೊಪ್ಪು ತೋರಿಸು. ಎಲೆಯ ಹಸಿರಿನ ನಡುವೆ ಮೆಗ್ನೀಸಿಯಂ ಕೂತಿದೆ. ನೀರು ಒಡೆದು ಆಕ್ಸಿಜನ್ ಬಿಡುವ ಜಾಗದಲ್ಲಿ ಮ್ಯಾಂಗನೀಸ್ ಮತ್ತು ಕ್ಯಾಲ್ಸಿಯಂ. ಗಿಡಕ್ಕೆ ಇರಿಡಿಯಂ ಬೇಕಾಗಿಲ್ಲ. ನಮ್ಮಮ್ಮನಿಗೆ ಸೋಲಾರ್ ಅಂದರೆ ಪಾವಗಡದ ಪ್ಯಾನೆಲ್ ಅಷ್ಟೇ ಗೊತ್ತಿತ್ತು. ಪ್ಯಾನೆಲ್ ಬಿಸಿಲಿನಿಂದ ಕರೆಂಟ್ ಮಾಡುತ್ತದೆ, ನಾನು ಬಿಸಿಲಿನಿಂದ ಔಷಧಿಗೆ ಬೇಕಾದ ಅಣು ಜೋಡಿಸಲು ನೋಡುತ್ತಿದ್ದೇನೆ ಅಂದೆ. "ಹಾಗಾದರೆ ಎಲೆ ಮಾಡುವ ಕೆಲಸ" ಅಂದರು.

ಹುಳುಮನೆ ಹುಡುಗಿ, ಶಿಡ್ಲಘಟ್ಟ

ಅಕ್ಕ, ಸರ್, ಕೆಜಿಎಫ್ ಅಣ್ಣ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕನ ಉತ್ತರ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ನೀರು ಆಗುವುದಿಲ್ಲ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಒಂದು ಬಾಟಲಿ ತೊಳೆದು ಬೋರಿನ ನೀರು ತುಂಬಿ ನನ್ನ ಬ್ಯಾಗಿನ ಪಕ್ಕ ಇಟ್ಟರು.

ಇವತ್ತು ಬೆಳಿಗ್ಗೆ ಹೊಸ ಮೇಡಂಗೆ ಫೋನ್ ಮಾಡಿದೆ. ಲೇಸರ್ ಇರುವ ಇನ್ನೊಂದು ಲ್ಯಾಬಿನ ಜೊತೆ ಮಾತಾಗಿದೆ, ಮೂರು ತಿಂಗಳಿಗೊಮ್ಮೆ ಸ್ಲಾಟ್ ಸಿಗುತ್ತದೆ ಅಂದರು. ತಾಮ್ರಕ್ಕೆ ಬರುವ ದಾರಿಯನ್ನು ಮೊದಲ ರಿಪೋರ್ಟಿನಲ್ಲೇ ಬರೆಯೋಣ ಅಂದರು. ಫಾಯಿಲ್ ಸುತ್ತಿದ ವಯಲ್ ಅದೇ ಬಿಸಿಯಲ್ಲಿ ಇಡುತ್ತೀರಾ ಅಂತ ಕೇಳಿದೆ. "ಇದನ್ನು ಯಾರು ಹೇಳಿಕೊಟ್ಟರು ನಿನಗೆ?" ಅಂದರು. ತುಮಕೂರಿನ ಒಬ್ಬ ಅಕ್ಕ ಅಂದೆ.

ಹೂಂ ಅಂದಿದ್ದೇನೆ. ಒಂದನೇ ತಾರೀಖು ಸೇರಬೇಕು. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ) ಎದ್ದಿವೆ, ಸೊಪ್ಪು ಎಷ್ಟು ಹಾಕಿದರೂ ಸಾಲುತ್ತಿಲ್ಲ. ಈ ಬೆಳೆ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿಯೇ ಹೋಗುತ್ತೇನೆ.